ಮಾಣಿಕ ಸೌಂಡಿನ ಕಿವಿ

ಮಾಣಿಕಪ್ಪನವರ ಫೋನು ಬಂದರೆ ಮಾತು ಶುರುವಾಗುವ ಮೊದಲೇ ನನ್ನ ತಲೆ ಬಿಸಿಯಾಗುತ್ತದೆ. ಕಲಬುರಗಿಯಲ್ಲಿ ನನ್ನದು ಡಿಸೈನ್ ಮತ್ತು ಪ್ರಿಂಟಿಂಗ್ ಅಂಗಡಿ. ಕಮಲಾಪುರದ ಅವರ ‘ಮಾಣಿಕ ಸೌಂಡ್’ಗೆ ಅಕ್ಷರ, ಬಣ್ಣ, ಗುರುತು ಎಲ್ಲ ಮಾಡಿಕೊಟ್ಟವಳು ನಾನೇ. ಇಪ್ಪತ್ತು ವರ್ಷದಿಂದ ಅವರದ್ದು ಒಂದೇ ಮಾತು: “ವಿದ್ಯಾವತಿ ಅಕ್ಕೋರೆ, ಹೆಸರು ಜರಾ ದೊಡ್ಡದು ಮಾಡ್ರಿ.” ಲಾರಿಯ ಮೇಲೆ ದೊಡ್ಡದು ಮಾಡಿದೆ. ಕೆಲಸದವರ ಅಂಗಿಯ ಬೆನ್ನ ಮೇಲೆ ದೊಡ್ಡದು ಮಾಡಿದೆ. ಇನ್ನೂ ದೊಡ್ಡದಾಗಬೇಕೆಂದರೆ ಆಕಾಶದ ಮೇಲೇ ಬರೆಯಬೇಕು.

ಆ ಹೆಸರಿನ ಪಕ್ಕದ ಗುರುತು ಒಂದು ಕಿವಿ, ಅವರದೇ ಬಲಗಿವಿ. ಹಾಡಿನ ಕಾರ್ಯಕ್ರಮ ಶುರುವಾಗುವ ಮೊದಲು ಸ್ಪೀಕರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುವುದು ಅವರ ಪದ್ಧತಿ. ಹಾಗೆ ನಿಂತೇ ಯಾವ ಡಬ್ಬಿಯ ತಂತಿ ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದರು. ಅದನ್ನು ಕಣ್ಣಾರೆ ಕಂಡಿದ್ದರಿಂದ, ಅವರನ್ನು ಅಂಗಡಿಯಲ್ಲಿ ಕೂಡಿಸಿ ಪೆನ್ಸಿಲಿನಿಂದ ಆ ಕಿವಿ ಬರೆದುಕೊಂಡಿದ್ದೆ. ನನ್ನ ಕೆಲಸದಲ್ಲೆಲ್ಲ ನನಗೆ ಹೆಮ್ಮೆ ಇರುವುದು ಅದೊಂದರ ಮೇಲೆ.

ಈ ಸಲ ಭೀಮ ಜಯಂತಿಗೆ ಕಲಬುರಗಿಯ ಮೈದಾನದಲ್ಲಿ ಭೀಮಗೀತೆಗಳ ದೊಡ್ಡ ಕಾರ್ಯಕ್ರಮ. ಅವರ ಮಗಳು ರಮಾಬಾಯಿ ಮೊದಲ ಬಾರಿಗೆ, ದನಿ ಹೊಂದಿಸುವ ಮಿಕ್ಸರಿನ ಮುಂದೆ ಕೂರುವವಳಿದ್ದಳು. ಸೋಲಾಪುರದಿಂದ ಬರುತ್ತಿದ್ದ ಆಪರೇಟರನ್ನು ಅಪ್ಪ ಬಿಡಿಸಿದ್ದರು. ‘ಅವಂದು ದನಿ ಮಂಕು’ ಅಂತೆ. ರಮಾ ಚೆನ್ನಾಗಿ ಮಾಡಿದರೆ ಇನ್ನು ಮಿಕ್ಸರು ಅವಳ ಕೈಗೆ. ಕೆಟ್ಟರೆ ಆ ಕುರ್ಚಿ ಅವಳಿಗೆ ಮತ್ತೆ ಸಿಗುವುದಿಲ್ಲ. ಸ್ಪೀಕರ್ ಎತ್ತುವ ಗಂಡಸರು ಆಗಲೇ ನಗಲು ಕಾಯುತ್ತಿದ್ದರು.

ಇಂಥ ಕಾರ್ಯಕ್ರಮಕ್ಕೆ ಮಾಣಿಕಪ್ಪನವರಿಗೆ ಬೇಕಾಗಿದ್ದು ಏನು? ವೇದಿಕೆಯ ಎರಡೂ ಕಡೆಯ ಸ್ಪೀಕರ್ ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ಮುಚ್ಚುವ ಫ್ಲೆಕ್ಸು. ಅದರ ತುಂಬ ಹೆಸರು, ಕಿವಿ. ಅದು ದನಿ ತಡೆಯುತ್ತದೆಂದು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ದನಿ ಹಾಯುವ ಜಾಳು ಬಟ್ಟೆಯ ಮೇಲೆ ಹೆಸರು ಪ್ರಿಂಟ್ ಮಾಡಿಸಿ, ಬಿಸಿಲಲ್ಲಿ ಬಸ್ಸು ಹತ್ತಿ ಕಮಲಾಪುರಕ್ಕೇ ಹೋದೆ.

“ಜೈ ಭೀಮ್ ಅಕ್ಕೋರೆ, ಬರ್ರಿ ಬರ್ರಿ,” ಎಂದು ಗೋದಾಮಿನ ಬಾಗಿಲಲ್ಲೇ ಕರೆದರು. ಕೆಂಪು ಬಾಳೆಹಣ್ಣು ಕೊಟ್ಟರು, ಚಹಾ ತರಿಸಿದರು. ನನ್ನ ಬಟ್ಟೆ ಬಿಚ್ಚಿ ನೋಡಿ ಮುಖ ಹುಳ್ಳಗೆ ಮಾಡಿದರು.

“ಇದೇನ್ರೀ, ಸೊಳ್ಳಿ ಪರದಾ ತಂದೀರಿ? ಬಣ್ಣ ಎದ್ದು ಕಾಣವಲ್ದು. ಫ್ಲೆಕ್ಸ್ ಹ್ಯಾಂಗ ಹೊಳೀತದ!”

“ಫ್ಲೆಕ್ಸ್ ಕಟ್ಟಿದ್ರ ದನಿ ಹೊರಗ ಬರಂಗಿಲ್ರೀ,” ಎಂದೆ.

“ಅಪ್ಪಾ, ನಾ ತೋರಸ್ತೀನಿ,” ಎಂದಳು ರಮಾ. ಒಂದು ಹಾಡು ಹಚ್ಚಿದಳು. ಹಾಡುಗಾರ್ತಿಯ ದನಿ ಗೋದಾಮಿನ ತುಂಬ ಸ್ವಚ್ಛವಾಗಿ ಹರಡಿತು. ಆಮೇಲೆ ನನ್ನ ಕೈಗೊಂದು ತುದಿ ಕೊಟ್ಟು ಹಳೆಯ ಫ್ಲೆಕ್ಸೊಂದನ್ನು ಸ್ಪೀಕರಿನ ಮುಂದೆ ಹಿಡಿದಳು. ಢೋಲಕಿಯ ಧಮ್ ಧಮ್ ಉಳಿಯಿತು. ಮಾತು ಮಾತ್ರ ಮುಸುಕು ಹೊದ್ದು ಮಲಗಿದಂತಾಯಿತು. ಮೂಢನಿಗೂ ತಿಳಿಯುವಂಥ ವ್ಯತ್ಯಾಸ.

ಮಾಣಿಕಪ್ಪನವರು ಪದ್ಧತಿಯ ಪ್ರಕಾರ ಹತ್ತಿರ ಬಂದು, ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತರು. “ಏನ್ ಫರಕ್ ಅದ? ಎರಡೂ ಒಂದೇ ಅದಾವ.”

ಮತ್ತೆ ತೋರಿಸಿದೆವು. ಮತ್ತೆ ಅದೇ ಮಾತು. ನನಗೆ ಮೈಯೆಲ್ಲ ಉರಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೋಡಿದ್ದೇನೆ. ಆದರೆ ಹಠ ಗೆಲ್ಲಲು ಮಗಳ ಎದುರು ಸುಳ್ಳು ಹೇಳುವುದೆ?

“ನಾ ಫ್ಲೆಕ್ಸ್ ಪ್ರಿಂಟ್ ಮಾಡಂಗಿಲ್ರೀ,” ಎಂದೆ.

“ಬ್ಯಾಡ ಬಿಡ್ರಿ. ಮೋಮಿನಪುರದಾಗ ಫುರ್ಕಾನ್ ಮಾಡಿ ಕೊಡ್ತಾನ.”

ಇಪ್ಪತ್ತು ವರ್ಷದ ಒಡನಾಟ ಒಂದು ಮಾತಿನಲ್ಲಿ ಫುರ್ಕಾನನ ಪಾಲಾಯಿತು. ಬಟ್ಟೆ ಸುತ್ತಿಕೊಂಡು ಹೊರಬಿದ್ದೆ. ಬಸ್ ನಿಲ್ದಾಣದ ತನಕ ರಮಾ ಹಿಂದೆಯೇ ಬಂದಳು.

“ಸಿಟ್ಟಾಗಬ್ಯಾಡ್ರಿ ಅಕ್ಕೋರೆ.”

“ಸಿಟ್ಟಲ್ಲ ರಮಾ, ಹೊಟ್ಟಿ ಉರೀತದ. ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು.”

“ಅಪ್ಪ ಸುಳ್ಳು ಹೇಳಲಿಲ್ರೀ. ಅವರಿಗೆ ಖರೇನೇ ಕೇಳಂಗಿಲ್ಲ.” ಅವಳು ದನಿ ತಗ್ಗಿಸಿದಳು. “ಕುಕ್ಕರ್ ಸೀಟಿ ಹೊಡೆದ್ರ ಗೊತ್ತಾಗಂಗಿಲ್ಲ. ಫೋನ್ ಗಂಟಿ ಕೇಳಂಗಿಲ್ಲ, ಅದಕ್ಕ ಕಿಸೆದಾಗ ನಡುಗೋಹಂಗ ಇಟ್ಟಾರ. ಅಷ್ಟು ವರ್ಷ ಸ್ಪೀಕರಿಗೆ ಕಿವಿ ಹಚ್ಚಿ ನಿಂತು ಸಣ್ಣ ಚೂಪು ದನಿ ಎಲ್ಲಾ ಹೋಗ್ಯಾವ, ದಪ್ಪ ದನಿ ಅಷ್ಟೇ ಕೇಳ್ತಾವ. ಅದು ಅವರಿಗೇ ಗೊತ್ತಿಲ್ಲ. ಮಂದಿ ಸರಿಯಾಗಿ ಮಾಡವಲ್ರು ಅಂತಾರ. ನೀವೇ ಹೇಳ್ರಿ, ನಿಮ್ಮ ಮಾತು ಕೇಳ್ತಾರ.”

ಸೋಲಾಪುರದವನ ‘ಮಂಕು’ ಈಗ ಅರ್ಥವಾಯಿತು. ಆದರೆ ಯಾರ ಕಿವಿಯನ್ನು ನಾನೇ ಬರೆದು ಲಾರಿಯ ಮೇಲೆ ಮೆರೆಸಿದ್ದೆನೋ, ಅವರಿಗೆ ಆ ಕಿವಿ ಹೋಗಿದೆ ಎಂದು ಹೇಗೆ ಹೇಳುವುದು? ಬಸ್ಸು ಬಂತು, ಹತ್ತಿದೆ. ಆಗ ನನಗೆ ಅವರ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು.

ಜಯಂತಿಯ ಸಂಜೆ, ಹೋಗಬಾರದೆಂದುಕೊಂಡೇ ಮೈದಾನಕ್ಕೆ ಹೋದೆ. ಫುರ್ಕಾನನ ಫ್ಲೆಕ್ಸು ಎರಡೂ ಕಡೆ ಮಿರಿಮಿರಿ ಹೊಳೆಯುತ್ತಿತ್ತು. ಎರಡಾಳೆತ್ತರದ ಕಿವಿಗಳು. ಜನ ಕಿಕ್ಕಿರಿದಿದ್ದರು. ನಡುವೆ ಮಿಕ್ಸರಿನ ಮುಂದೆ ರಮಾ ತುಟಿ ಕಚ್ಚಿ ಕೂತಿದ್ದಳು. ನಾನು ಹೋಗಿ ಅವಳ ಪಕ್ಕ ನಿಂತೆ.

ಹಾಡುವ ಹೆಣ್ಣುಮಗಳು ಬಾಯಿ ತೆರೆದಳು. ಧಮ್ ಧಮ್ ಬಿಟ್ಟರೆ ಏನೂ ತಿಳಿಯಲಿಲ್ಲ. ಎರಡನೆಯ ಚರಣಕ್ಕೆ ಹಿಂದಿನಿಂದ ಕೂಗು ಶುರುವಾಯಿತು. “ಏ, ಹಾಡು ತಿಳೀವಲ್ದೋ!” “ಮಿಕ್ಸರ್ ಮ್ಯಾಲ ಯಾರ ಕೂತಾರ?” “ಹುಡುಗಿನ್ನ ಎಬ್ಬಸ್ರಿ!”

ರಮಾಳ ಕಣ್ಣಲ್ಲಿ ನೀರು ಬಂತು. “ಅಪ್ಪಾ, ಫ್ಲೆಕ್ಸ್ ತಗಸ್ರಿ, ಕೈ ಮುಗೀತೀನಿ,” ಎಂದಳು. ಮಾಣಿಕಪ್ಪನವರು ಜನರ ನಡುವೆ ನುಗ್ಗಿ ಬಂದವರೇ, “ಸರಿ ಅತ್ಲಾಗ, ನನಗ ಕಲಸ್ತೀ?” ಎಂದು ಮಗಳನ್ನು ಪಕ್ಕಕ್ಕೆ ತಳ್ಳಿ, ಹಾಡಿನ ದನಿಯನ್ನೂ ಚೂಪು ದನಿಯ ಟ್ರೆಬಲ್ಲನ್ನೂ ಪೂರ್ತಿ ಏರಿಸಿಬಿಟ್ಟರು.

ಕೀಂ ಎಂದು ಕೂಗಿತು ನೋಡಿ ಮೈಕು! ಕಿವಿಯೊಳಗೆ ದಬ್ಬಣ ಹಾಕಿ ತಿರುವಿದಂತೆ. ವೇದಿಕೆಯ ಮೇಲಿನ ಹಾಡುಗಾರ್ತಿ ಕಿವಿ ಮುಚ್ಚಿಕೊಂಡಳು. ಮುಂದಿನ ಸಾಲಿನ ಹಿರಿಯರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ನಾನು, ರಮಾ, ಇಡೀ ಮೈದಾನ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬಾಗಿತು.

ಮಾಣಿಕಪ್ಪನವರೊಬ್ಬರೇ ನೆಟ್ಟಗೆ ನಿಂತಿದ್ದರು. ಕೈ ಇನ್ನೂ ಮಿಕ್ಸರಿನ ಮೇಲಿತ್ತು. ಅವರು ಅತ್ತ ನೋಡಿದರು, ಇತ್ತ ನೋಡಿದರು. ಇಷ್ಟು ಜನ ಯಾಕೆ ಕಿವಿ ಮುಚ್ಚಿಕೊಂಡಿದ್ದಾರೆ ಎಂಬುದು ಅವರಿಗೆ ತಿಳಿಯಲಿಲ್ಲ. ಆಮೇಲೆ ಮಗಳ ಕಡೆ ನೋಡಿದರು. ಅವಳೂ ಮುಚ್ಚಿಕೊಂಡಿದ್ದಳು. ಆಗ ತಿಳಿಯಿತು. ತಿಳಿದದ್ದು ಅವರ ಮುಖದ ಮೇಲೆ ನನಗೆ ಕಂಡಿತು. ಅದನ್ನು ನಾನು ನೋಡಬಾರದಿತ್ತು.

ರಮಾ ಕೈ ಚಾಚಿ ದನಿ ಇಳಿಸಿದಳು. ಅವರು ವೇದಿಕೆಯ ಕಡೆ ನಡೆದರು. ಕೆಲಸದವರನ್ನು ಕರೆಯಲಿಲ್ಲ. ತಾವೇ ಕಂಬ ಹತ್ತಿ ಹಗ್ಗ ಕೊಯ್ದರು. ಒಂದು ಕಿವಿ ಬಿತ್ತು. ಆಚೆ ಹೋಗಿ ಇನ್ನೊಂದನ್ನೂ ಕೆಡವಿದರು.

ಹಾಡು ಮತ್ತೆ ಎದ್ದಿತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಮೈದಾನದ ಕೊನೆಯ ತನಕ ಹೋಯಿತು. ಕೂಗುತ್ತಿದ್ದವರು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಚಪ್ಪಾಳೆಯ ತಾಳ ಹಾಕತೊಡಗಿದರು.

ಮಾಣಿಕಪ್ಪನವರು ವಾಪಸು ಬಂದರು. ಮಗಳ ಕುರ್ಚಿಯನ್ನು ಮಿಕ್ಸರಿನ ಹತ್ತಿರ ಎಳೆದು ಹಾಕಿ, “ಕೂಡು, ನಿಂದೇ ಇದು,” ಎಂದರು. ಆಮೇಲೆ ನನ್ನ ಪಕ್ಕ ನಿಂತರು. ಈ ಇಪ್ಪತ್ತು ವರ್ಷದಲ್ಲಿ ದನಿಯ ವಿಷಯ ಅವರು ಯಾರನ್ನೂ ಕೇಳಿದವರಲ್ಲ.

“ಹಾಡು ಚಲೋ ಬರ್ಲಾಕತ್ತದೇನ್ರೀ, ಅಕ್ಕೋರೆ?”

“ಬರ್ಲಾಕತ್ತದ್ರೀ, ಭಾಳ ಚಲೋ ಬರ್ಲಾಕತ್ತದ,” ಎಂದೆ.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಇನ್ನೊಮ್ಮೆ, ನಿಧಾನವಾಗಿ ಹೇಳಿದೆ.