ಮಸಿಯ ಕೆಳಗಿನ ಹೊಲಿಗೆ

ಹೂಚಕ್ರಕ್ಕೆ ಅಡ್ಡಲಾಗಿ ಕಟ್ಟಿದ್ದ ಬಿಳಿ ಪಟ್ಟಿಯಿಂದ ಮಗಳು ಒಂದೇ ಒಂದು ಪದವನ್ನು ಕತ್ತರಿಸಿ ತೆಗೆಯುತ್ತಿದ್ದಳು. ‘ನಿಷ್ಠೆಯಿಂದ ದುಡಿದ ನಿವೃತ್ತ ತಜ್ಞೆಗೆ ಸೇನಾ ವಸ್ತುಸಂಗ್ರಹಾಲಯದ ನಮನ’ ಎಂದು ಅಚ್ಚಾಗಿತ್ತು. ‘ನಿವೃತ್ತ’ ಎಂಬುದು ನೆಲಕ್ಕೆ ಉದುರಿತು. ಉಳಿದ ಎರಡು ತುದಿಗಳನ್ನು ಪಿನ್ನು ಚುಚ್ಚಿ ಜೋಡಿಸಿದಳು.

“ಸಾವಿನ ಮನೇಲಿ ಇದೆಲ್ಲ ಬೇಕೇನಮ್ಮ?” ಎಂದರು ಸೋದರಮಾವ. ಎದುರಿಗೆ ಬರುವ ಸೈಕಲ್ಲಿಗೂ ದಾರಿ ಬಿಟ್ಟು ಚರಂಡಿ ಅಂಚಿಗೆ ಸರಿದು ನಿಲ್ಲುವ ಜೀವ ಅವರದು.

“ಅಮ್ಮ ನಿವೃತ್ತಿ ಆಗ್ಲಿಲ್ಲ ಮಾವ. ಕತ್ತು ಹಿಡಿದು ಆಚೆ ಹಾಕಿದ್ರು.”

ನಡುಮನೆಯಲ್ಲಿ ಅಮ್ಮ ಮಲಗಿದ್ದಳು. ಮೂಗಿನ ಮೇಲೆ ಕನ್ನಡಕ ಕೂತು ಕೂತು ಬಿದ್ದ ಎರಡು ಗುಳಿ ಹಾಗೇ ಇದ್ದವು. ಹಳೆಯ ಸೈನಿಕರ ಉಡುಪಿನ ಬ್ಯಾಡ್ಜುಗಳನ್ನು ನೋಡಿ, ಎಲ್ಲಿ ಹರಿದಿದೆ, ಯಾವಾಗ ಹೊಲಿದಿದ್ದಾರೆ, ಎಂಥ ಕೈ ಹೊಲಿದಿದೆ ಎಂದು ಹೇಳುವುದು ಅವಳ ಕಸುಬು. ಸಂಗ್ರಹಾಲಯದಲ್ಲಿ ಎಲ್ಲರೂ ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ನೆಂಟರ ಮನೆಗೆ ಹೋದರೂ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಕೂತವರ ತೋಳು ಹಿಡಿದು, “ಈ ತೇಪೆ ದರ್ಜಿ ಹಾಕಿದ್ದು, ನಿಮ್ಮನೆಯವರು ಹಾಕಿದ್ದಲ್ಲ” ಎಂದುಬಿಡುವಳು. ಒಂದೆರಡು ಮನೆಗಳಲ್ಲಿ ಇದರಿಂದ ಗಂಡಹೆಂಡಿರ ನಡುವೆ ಮಾತು ನಿಂತಿತ್ತು.

ಡೈರೆಕ್ಟರು ಬರುತ್ತಿದ್ದಾರೆ, ಸ್ಮಶಾನದಲ್ಲಿ ಎರಡು ಮಾತಾಡುತ್ತಾರಂತೆ ಎಂದು ಮಾವ ಮೆಲ್ಲಗೆ ತಿಳಿಸಿದರು. ಮಗಳು ಕತ್ತರಿಯನ್ನು ಕಿಟಕಿಯ ಮೇಲಿಟ್ಟು, “ಬರಲಿ” ಎಂದಳು.

*

ಅಮ್ಮನ ಕೆಲಸಕ್ಕೆ ಕುತ್ತು ತಂದ ಆ ಬ್ಯಾಡ್ಜು ಅಂಗೈಯಗಲದ ಕಡುಹಸಿರು ಬಟ್ಟೆ. ನಡುವೆ ಹಳದಿ ದಾರದ ಕೋಟೆ, ಅದರ ಪಕ್ಕದಲ್ಲಿ ಹರಿದು ಹೊಲಿದ ಗುರುತು, ಮೇಲೆಲ್ಲ ಬೆಂಕಿಯ ಮಸಿ. ಗಾಜಿನ ಪೆಟ್ಟಿಗೆಯೊಳಗಿನ ಫಲಕದ ಕತೆ ಊರಿಗೆಲ್ಲ ಬಾಯಿಪಾಠವಾಗಿತ್ತು. ಯುದ್ಧಕಾಲದಲ್ಲಿ ಮದ್ದುಗುಂಡಿನ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಕ್ಯಾಪ್ಟನ್ನರು ಒಳಗೆ ನುಗ್ಗಿ, ಅಂಗಿಯ ತೋಳು ಹರಿದುಕೊಂಡು ಹೊರಬಂದರು. ಆಮೇಲೆ ಅವರ ಹೆಂಡತಿ ಬ್ಯಾಡ್ಜನ್ನು ತಮ್ಮ ಕೈಯಾರೆ ಹೊಲಿದರು. ಹಿಂದಿನ ಸಂಜೆಯೇ ಶಿಬಿರ ಬಿಟ್ಟು ಓಡಿಹೋದ ಸಿಪಾಯಿಯೊಬ್ಬನ ಹೆಸರೂ ಫಲಕದ ಕೊನೆಯ ಸಾಲಿನಲ್ಲಿತ್ತು.

ಒಮ್ಮೆ ಶುಚಿ ಮಾಡಲೆಂದು ಅದು ಅಮ್ಮನ ಮೇಜಿಗೆ ಬಂತು. ಮಗಳು ಆಗಷ್ಟೇ ಸಿಟಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಸೇರಿದ್ದಳು. ಊಟದ ಡಬ್ಬಿ ಕೊಡಲು ಹೋದವಳನ್ನು ಅಮ್ಮ ಮಸೂರದ ಮುಂದೆ ಕೂರಿಸಿದಳು.

“ಮಸಿ ಎಲ್ಲಿದೆ, ಹೇಳು.”

“ದಾರದ ಮೇಲೆ.”

“ದಾರ ಸರಿಸಿ ನೋಡು. ಕೆಳಗೆ?”

ದಾರದ ಅಡಿಯಲ್ಲಿ ಬಟ್ಟೆ ಹೊಸದರಂತೆ ಹಸಿರಾಗಿತ್ತು.

“ಹಂಗಾದ್ರೆ ಹೊಲಿಗೆ ಮೊದಲು, ಬೆಂಕಿ ಆಮೇಲೆ,” ಎಂದಳು ಅಮ್ಮ. “ಬೆಂಕೀಲಿ ಹರಿದಿದ್ದನ್ನ ಬೆಂಕಿಗೆ ಮುಂಚೆ ಹೇಗೆ ಹೊಲಿಯೋಕಾಗುತ್ತೆ?”

ಹೊಲಿಗೆ ಬ್ಯಾಡ್ಜನ್ನು ದಾಟಿ ಹಿಂದೆ ಅಂಟಿದ್ದ ಅಂಗಿತೋಳಿನ ತುಂಡಿಗೂ ಇಳಿದಿತ್ತು. ಅಂಗಿಯ ಮೇಲಿದ್ದಾಗಲೇ ಹೊಲಿದಿದ್ದರು, ಅಂಗಿಯ ಸಮೇತ ಸುಟ್ಟಿತ್ತು. ಹೊಲಿಗೆಗಳೆಲ್ಲ ಎಡಗೈಯವರ ಹೊಲಿಗೆಯಂತೆ ಉಲ್ಟಾ ದಿಕ್ಕಿಗೆ ವಾಲಿದ್ದವು. ಕ್ಯಾಪ್ಟನ್ನರ ಹೆಂಡತಿ ಬಲಗೈಯವರು. ಅವರ ಕಸೂತಿಯ ಕರವಸ್ತ್ರ ಪಕ್ಕದ ಪೆಟ್ಟಿಗೆಯಲ್ಲೇ ಇತ್ತು.

ಎಡಗೈ ಯಾರದೆಂಬುದು ಗೇಟಿನ ಬಳಿ ಗೊತ್ತಾಯಿತು. ಓಡಿಹೋದನೆನ್ನಿಸಿಕೊಂಡ ಸಿಪಾಯಿಯ ತಂಗಿ ಆಗಾಗ ಅಣ್ಣನ ಇನ್ನೊಂದು ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದಳು. ಆ ಹೊಲಿಗೆ ನಮ್ಮವ್ವಂದು ಎನ್ನುತ್ತಿದ್ದಳು. ಕಾವಲಿನವರು ಪ್ರತಿ ಸಲವೂ ಅವಳನ್ನು ಸಾಗಹಾಕುತ್ತಿದ್ದರು. ಆ ದಿನ ಅಮ್ಮ ಓಡಿಹೋಗಿ ಅವಳ ಕೈ ಹಿಡಿದು ಒಳಗೆ ಕರೆತಂದಳು. ಅಂಗಿಯ ಮೊಣಕೈಯಲ್ಲಿ ಅದೇ ವಾಲು, ಅದೇ ಗಂಟು, ಕಂಬಳಿಯ ಅಂಚಿನಿಂದ ಬಿಚ್ಚಿದ ಅದೇ ನೀಲಿ ನೂಲು.

*

ಡೈರೆಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಮುಗಿದು, ಪಿನ್ನು ಹಾಕಿದ ಪಟ್ಟಿಯನ್ನು ಓದಿದರು. ಮುಖ ಸ್ವಲ್ಪ ಸಪ್ಪಗಾಯಿತು.

“ಅವರು ನಮಗೆಲ್ಲ ಗುರುಗಳಿದ್ದ ಹಾಗೆ ಕಣಮ್ಮ,” ಎಂದರು. “ಹಳೇದೆಲ್ಲ ಈಗ ಯಾಕೆ?”

“ಹಳೇದನ್ನ ಕಾಪಾಡೋದೇ ನಿಮ್ಮ ಕೆಲಸ ಅಲ್ವಾ ಸಾರ್? ಮಾತಾಡಿ, ಬೇಡ ಅನ್ನಲ್ಲ. ಆದ್ರೆ ಕೆಲಸದಿಂದ ಯಾಕೆ ತೆಗೆದ್ರಿ ಅಂತ ಅಲ್ಲೇ ಹೇಳ್ಬೇಕು. ಇಲ್ದಿದ್ರೆ ಸುಮ್ನೆ ನಿಂತಿರಿ.”

ಮಾವ ಕೆಮ್ಮಿದರು. ಡೈರೆಕ್ಟರು ಗೋಡೆಗೆ ಒರಗಿ ನಿಂತರು.

ಅಷ್ಟರಲ್ಲಿ ಸಿಪಾಯಿಯ ತಂಗಿ ಬಂದಳು. ಈಗ ಹಣ್ಣುಹಣ್ಣು ಮುದುಕಿ. ಹೆಣದ ಕಾಲ ಬಳಿ ಕೂತು ಮಗಳ ಕಡೆ ತಿರುಗಿದಳು.

“ಇನ್ನು ಶನಿವಾರ ಯಾರವ್ವ ಹೇಳ್ತಾರೆ?”

*

ಕ್ಯಾಪ್ಟನ್ನರ ಮೊಮ್ಮಗ ಸಂಗ್ರಹಾಲಯದ ಸಮಿತಿಯಲ್ಲಿದ್ದ. ಹೊಲಿಗೆಯ ಕಾಲ ಹೇಳಲಾಗದು ಎಂದು ಬರೆದುಕೊಟ್ಟುಬಿಡಿ, ಎಲ್ಲರಿಗೂ ಒಳ್ಳೆಯದು ಎಂದು ಡೈರೆಕ್ಟರು ಅಮ್ಮನಿಗೆ ನಯವಾಗಿ ಹೇಳಿದರು, ಆಮೇಲೆ ಗದರಿಸಿಯೂ ಹೇಳಿದರು. ಹೇಳಲಾಗುವುದನ್ನು ಹೇಳಲಾಗದು ಎಂದು ಬರೆಯಲು ತನಗೆ ಅಕ್ಷರ ಬರುವುದಿಲ್ಲ ಎಂದಳು ಅಮ್ಮ. ಒಂದು ಬೆಳಿಗ್ಗೆ ಪೆಟ್ಟಿಗೆಯ ಬೀಗ ತೆಗೆದು, ಹಳೆಯ ಫಲಕ ಕಿತ್ತು, ತಾನೇ ಬರೆದದ್ದನ್ನು ಒಳಗಿಟ್ಟಳು. ಸಂಜೆಯೊಳಗೆ ಅವಳ ಮೇಜು ಖಾಲಿಯಾಗಿತ್ತು.

ಮೊದಲ ಶನಿವಾರವೇ ಟಿಕೇಟು ಕೊಂಡು ಒಳಗೆ ಹೋದಳು. ವಾಪಸು ಬಂದಿದ್ದ ಹಳೆಯ ಫಲಕದ ಪಕ್ಕ ನಿಂತು, ಬಂದವರಿಗೆಲ್ಲ ಮಸಿ ತೋರಿಸಿದಳು. ಟಿಕೇಟು ಇದ್ದವರನ್ನು ಹೊರಗೆ ಹಾಕಲು ಯಾರಿಗೂ ಕಾನೂನು ಸಿಗಲಿಲ್ಲ. ಹಾಗೆ ವರ್ಷಗಟ್ಟಲೆ ನಡೆಯಿತು. ಮಂಡಿನೋವು ಬಂದಮೇಲೆ ಮಡಿಸುವ ಕುರ್ಚಿ ಹಿಡಿದುಕೊಂಡು ಹೋಗುತ್ತಿದ್ದಳು.

ಸಿಪಾಯಿಯ ತಂಗಿಯೂ ಒಮ್ಮೆ ಅವಳ ಮೇಲೆ ಮುನಿಸಿಕೊಂಡಳು. ನಮ್ಮಣ್ಣ ವೀರ ಅಂತ ಹೇಳಿ ಎಂದು ಅವಳು ಕೇಳಿದ್ದಳು.

“ಅದು ನಂಗೊತ್ತಿಲ್ಲಮ್ಮ,” ಎಂದಿದ್ದಳು ಅಮ್ಮ. “ಒಳಗೆ ಯಾಕೆ ಹೋದ, ಏನು ಮಾಡ್ದ, ಬಟ್ಟೆ ಹೇಳಲ್ಲ. ಬೆಂಕಿ ಬಿದ್ದಾಗ ಅವನಂಗಿ ಅಲ್ಲಿತ್ತು ಅನ್ನುತ್ತೆ. ಅಂಗಿ ಒಂದೇ ನಡ್ಕೊಂಡು ಹೋಗಲ್ಲ. ನಾನು ಅಷ್ಟೇ ಹೇಳೋದು. ಸಾಯೋವರೆಗೂ ಹೇಳ್ತೀನಿ.”

ತಂಗಿ ಬಹಳ ತಿಂಗಳು ಅತ್ತ ಸುಳಿಯಲಿಲ್ಲ. ಆಮೇಲೆ ಒಂದು ಶನಿವಾರ ಅಂಗಿಯ ಸಮೇತ ಬಂದು, ಕುರ್ಚಿಯ ಪಕ್ಕ ನಿಂತುಕೊಂಡಳು.

*

ಶವವಾಹನ ಮುಖ್ಯರಸ್ತೆಗೆ ಬಂದಾಗ ಡ್ರೈವರನ ಪಕ್ಕ ಕೂತಿದ್ದ ಮಗಳು, “ಸಿಗ್ನಲ್ ದಾಟಿ ಎಡಕ್ಕೆ ಹಾಕಿ” ಎಂದಳು. ಸ್ಮಶಾನ ಬಲಕ್ಕಲ್ಲವೇ ಎಂದು ಅವನು ಕೇಳಿದ. “ನಾನೂ ಬಸ್ ಓಡಿಸೋಳೇ. ಎಡಕ್ಕೆ ಹಾಕಿ.”

ಸಂಗ್ರಹಾಲಯದ ಮುಂದೆ ವಾಹನ ನಿಂತಿತು. ಹಿಂದೆ ಬರುತ್ತಿದ್ದವರ ಗಾಡಿಗಳೂ ನಿಂತವು. ಮಗಳು ಇಳಿದು ಹಿಂಬಾಗಿಲ ಬಳಿ ಬಂದಾಗ ಮಾವ ಆಗಲೇ ಟಿಕೇಟಿನ ಕಿಟಕಿಯ ಮುಂದೆ ನಿಂತಿದ್ದರು. ದನಿ ಏರಿಸಿ, “ಬಂದೋರಿಗೆಲ್ಲ ಕೊಡಿ” ಎಂದರು.

ಹೂವಿನ ವಾಸನೆ ಮೆತ್ತಿಕೊಂಡಿದ್ದ ಜನ ಕೋಟೆಯ ಬ್ಯಾಡ್ಜಿನ ಸುತ್ತ ಗುಂಪುಗೂಡಿದರು. ಕೊನೆಗೆ ಡೈರೆಕ್ಟರೂ ಬಂದು ಬಾಗಿಲಲ್ಲಿ ನಿಂತರು. ಮಗಳು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಅವಳ ಭುಜ ತಟ್ಟಿ ಮುಂದೆ ಬಂದಳು. ಇಷ್ಟು ವರ್ಷ ಈ ಪೆಟ್ಟಿಗೆಯ ಮುಂದೆ ಅವಳು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ.

“ಇದು ನಮ್ಮವ್ವನ ಕೈಹೊಲಿಗೆ,” ಎಂದಳು. “ಮಸಿ ಮೇಲಿದೆ, ಹೊಲಿಗೆ ಕೆಳಗಿದೆ. ನಮ್ಮಣ್ಣ ವೀರ ಅಂತ ಹೇಳಲ್ಲ ನಾನು. ಓಡಿಹೋಗ್ಲಿಲ್ಲ, ಅಷ್ಟೇ.”

ಹೇಳುತ್ತ ಹೇಳುತ್ತ ಎರಡೂ ಅಂಗೈಯನ್ನು ಗಾಜಿಗೆ ಒತ್ತಿಹಿಡಿದಳು. ಗಾಜು ಮುಟ್ಟಬಾರದೆಂಬ ಬೋರ್ಡು ಅವಳ ಮೂಗಿನ ಮುಂದೆಯೇ ಇತ್ತು. ಮಾವ ಅತ್ತಿತ್ತ ನೋಡಿ, ತಮ್ಮ ಅಂಗೈಯನ್ನೂ ಅದರ ಪಕ್ಕದಲ್ಲಿಟ್ಟರು. ಆಮೇಲೆ ಮಗಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಬಟ್ಟೆ ಹಿಡಿದಿದ್ದ ಕಾವಲಿನವನಿಗೆ ಗಾಜು ಒರೆಸೆಂದು ಡೈರೆಕ್ಟರು ಕಣ್ಸನ್ನೆ ಮಾಡಿದರು. ಅವನು ಬಟ್ಟೆಯನ್ನು ನಿಧಾನವಾಗಿ ಮಡಿಸಿ ಜೇಬಿಗೆ ಹಾಕಿಕೊಂಡ.

ಜನ ಹೊರಟಾಗ ಗಾಜಿನ ತುಂಬ ಬೆವರಿನ ಅಂಗೈಗಳು ಒಂದರ ಮೇಲೊಂದು ಮೂಡಿದ್ದವು. ಅವುಗಳ ಹಿಂದೆ ಹಸಿರು ಬಟ್ಟೆ ಕಾಣುತ್ತಿತ್ತು, ಫಲಕದ ಅಕ್ಷರ ಒಂದೂ ಓದಲು ಬರುತ್ತಿರಲಿಲ್ಲ.