ಒಳಗೆ ಬಿಟ್ಟ ಬಟ್ಟೆ

ಕತ್ತರಿಯಕ್ಕನಿಗೆ ಆ ಹೆಸರು ಬಂದದ್ದು ಕೈಯಲ್ಲಿದ್ದ ಕತ್ತರಿಯಿಂದಲೋ ಬಾಯಲ್ಲಿದ್ದ ಕತ್ತರಿಯಿಂದಲೋ ಎಂಬುದನ್ನು ಬೀದಿಯವರು ಇವತ್ತಿಗೂ ತೀರ್ಮಾನಿಸಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೆಳಗೆ ಅವಳ ಹೊಲಿಗೆ ಅಂಗಡಿ. ಮೇಲಿನಿಂದ ನರಳಾಟ, ಕೆಳಗಿನಿಂದ ಮಿಷಿನ್ನಿನ ಸದ್ದು. ನಲವತ್ತಾರು ವರ್ಷದವರೆಗೆ ಮದುವೆ ಬೇಡವೆಂದು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದ ಹೆಂಗಸು, ಅಂಗಡಿಯ ಷಟರ್ ಸಿಕ್ಕಿಕೊಂಡ ಒಂದು ಬೆಳಿಗ್ಗೆ ಅದನ್ನು ಸರಿಮಾಡಲು ಬಂದ ಬೀಗದವನನ್ನು ಮದುವೆಯಾದಳು. ಅವನೋ ಹೊರದೇಶದವನು. ಷಟರ್ ಒಂದು ಗಂಟೆಯಲ್ಲಿ ಸರಿಹೋಯಿತು. ಅದು ಸರಿಯಾಗಿದೆಯೇ ಎಂದು ನೋಡುವ ನೆಪದಲ್ಲಿ ಅವನು ಮತ್ತೆ ಹನ್ನೊಂದು ಸಲ ಬಂದ. ಹನ್ನೆರಡನೆಯ ಸಲ ಅವಳೇ, ಇನ್ನು ಹೋಗಿ ಬಂದು ಮಾಡುವುದೇಕೆ ಎಂದು ಕೇಳಿದಳು.

ಅವನ ದೇಶದ ಜನಕ್ಕೆ ಪ್ರೀತಿಯೆಂದರೆ ಬಾಯಲ್ಲಿ ಆಡಬೇಕಾದ ಮಾತು. ಗಂಡ ಹೆಂಡತಿಗೆ ಎದ್ದಾಗ ಹೇಳಬೇಕು, ಕೆಲಸಕ್ಕೆ ಹೊರಟಾಗ ಹೇಳಬೇಕು, ಫೋನು ಇಡುವಾಗಲೂ ಹೇಳಬೇಕು. ಒಂದು ದಿನ ಹೇಳದಿದ್ದರೆ ಜ್ವರ ಬಂತೋ ಏನೋ ಎಂದು ಹಣೆ ಮುಟ್ಟಿ ನೋಡುತ್ತಾರಂತೆ. ಅವನ ತಾಯಿ ಫೋನು ಮಾಡಿದರೆ ಸಮಾಚಾರ ಐದು ನಿಮಿಷ, ಮುದ್ದು ಹತ್ತು ನಿಮಿಷ. ಕತ್ತರಿಯಕ್ಕನ ಮನೆತನದಲ್ಲಿ ಏಳು ತಲೆಮಾರು ಹುಡುಕಿದರೂ ಆ ಮಾತಾಡಿದವರು ಸಿಗುವುದಿಲ್ಲ. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನವೂ ಅಪ್ಪ ಮಂಚದ ಪಕ್ಕದ ಕುರ್ಚಿಯಲ್ಲೇ ಕಳೆದಿದ್ದರು. ಅದಕ್ಕೆ ಪ್ರೀತಿ ಎಂದು ಯಾರಾದರೂ ಹೆಸರಿಟ್ಟಿದ್ದರೆ ನಾಚಿಕೊಂಡು ಎದ್ದು ಹೊರಗೆ ಹೋಗುತ್ತಿದ್ದರು. ಇಂಥ ಎರಡು ಮನೆತನ ಸೇರಿದ ಸಂಸಾರ ಎಂಟು ತಿಂಗಳು ನೆಮ್ಮದಿಯಾಗಿಯೇ ನಡೆಯಿತು. ಅವನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಅವಳು, ಬಾಗಿಲು ಹಾಕ್ಕೊಂಡು ಹೋಗಿ ಎನ್ನುತ್ತಿದ್ದಳು.

ಆಮೇಲೆ ಸರ್ಕಾರದ ಕಾಗದ ಬಂತು. ಹೊರದೇಶದ ಗಂಡ ಇಲ್ಲಿ ಉಳಿಯಬೇಕಾದರೆ ಪರವಾನಗಿ ಬೇಕು. ಮದುವೆ ನಿಜವಾದದ್ದೋ ಬರೀ ಕಾಗದಕ್ಕಾಗಿ ಮಾಡಿಕೊಂಡದ್ದೋ ಎಂದು ಅಧಿಕಾರಿಗಳು ಮೊದಲು ತನಿಖೆ ಮಾಡುತ್ತಾರೆ. ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಕೂರಿಸಿ ಅದದೇ ಪ್ರಶ್ನೆ ಕೇಳುತ್ತಾರೆ. ಉತ್ತರಕ್ಕೆ ಉತ್ತರ ಕೂಡಬೇಕು. ಕೂಡದಿದ್ದರೆ ತಿಂಗಳೊಳಗೆ ಅವನು ದೇಶ ಬಿಡಬೇಕು. ಮತ್ತೆ ಬರಲು ಎಷ್ಟು ವರ್ಷವೋ, ಬರಲು ಬಿಡುತ್ತಾರೋ ಇಲ್ಲವೋ, ಹೇಳುವವರಿಲ್ಲ.

ಕತ್ತರಿಯಕ್ಕನ ಅತ್ತಿಗೆ ಈ ವಿಷಯದಲ್ಲಿ ಬಲ್ಲವಳು. ಅವಳ ಪರಿಚಯದ ಒಂದು ಜೋಡಿಯನ್ನು ಹಾಗೆಯೇ ಕೇಳಿದ್ದರಂತೆ: ಪ್ರೀತಿ ಇದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೀರಾ, ಯಾವಾಗ, ಎಷ್ಟು ಸಲ. ದಿನಾ ಹೇಳುತ್ತೇನೆ ಎಂದುಬಿಡು ಎಂದು ಅತ್ತಿಗೆ ಅಂಗಡಿಗೇ ಬಂದು ಗಿಣಿಪಾಠ ಮಾಡಿಸಿದಳು. ಕತ್ತರಿಯಕ್ಕ ಟ್ರಯಲ್ ರೂಮಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಕಹಿ ಮಾತ್ರೆ ನುಂಗಿದವಳ ಮುಖ ಕಂಡು ಅವಳಿಗೇ ಅಸಹ್ಯವಾಯಿತು. ಬೀಗದವನು ಪರದೆ ಸರಿಸಿ ನೋಡಿ, ಅದೆಲ್ಲ ಬೇಡ, ಇದ್ದದ್ದು ಇದ್ದ ಹಾಗೆ ಹೇಳೋಣ ಎಂದ. ಅವನ ಧೈರ್ಯ ಕಂಡು ಅವಳಿಗೆ ಇನ್ನಷ್ಟು ಭಯವಾಯಿತು.

ಕಚೇರಿಯ ಕಾಯುವ ಹಜಾರದಲ್ಲಿ ಲೋಕದ ದಂಪತಿಗಳೆಲ್ಲ ಕೂತ ಹಾಗಿತ್ತು. ಒಂದು ಜೋಡಿ ಅಂಟು ಹಾಕಿದಂತೆ ಕೂತಿತ್ತು. ಇನ್ನೊಂದು ಜೋಡಿಯ ನಡುವೆ ದಪ್ಪನೆಯ ಅತ್ತೆಯೊಬ್ಬರು ಕೂತು ಇಬ್ಬರಿಗೂ ಮುಖ ಕಾಣದಂತೆ ಮಾಡಿದ್ದರು. ಒಬ್ಬ ಗಂಡ ಹೆಂಡತಿಯ ಕಿವಿಯಲ್ಲಿ ಏನೋ ಹಾಡುತ್ತಿದ್ದ. ಮೂಲೆಯ ಮುದುಕ ಮುದುಕಿ ಜಗಳವಾಡುತ್ತ ಒಂದೇ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಇವರೆಲ್ಲರನ್ನೂ ಒಂದೇ ಪಟ್ಟಿಯಲ್ಲಿ ಅಳೆಯುತ್ತಾರಲ್ಲ, ಇದೆಂಥ ಟೈಲರಿಂಗ್ ಎಂದು ಕತ್ತರಿಯಕ್ಕನಿಗೆ ಒಳಗೇ ಸಿಟ್ಟು ಬಂತು. ಅವಳ ಅಂಗಡಿಯಲ್ಲಿ ಅವಳಿ ಸೋದರರಿಗೂ ಬೇರೆಬೇರೆ ಅಳತೆ.

ಮೊದಲು ಬೀಗದವನು ಒಳಗೆ ಹೋಗಿ ಅರ್ಧ ಗಂಟೆ ಇದ್ದು ಬಂದ. ಮಾತಾಡಕೂಡದೆಂದು ನಿಯಮ, ಅವನು ಬರೀ ನಕ್ಕು ಪಕ್ಕದ ಕೋಣೆಗೆ ಹೋದ. ಆಮೇಲೆ ಅವಳ ಸರದಿ. ಅಧಿಕಾರಿ ನಿವೃತ್ತಿಗೆ ಹತ್ತಿರವಾದ ವಯಸ್ಸಿನ ಮನುಷ್ಯ. ಕೆಟ್ಟವರಲ್ಲ, ಪಟ್ಟಿ ಬಿಟ್ಟು ಅಲ್ಲಾಡದವರು. ಮನೆಯಲ್ಲಿ ಕಿಟಕಿ ಎಷ್ಟು, ಮೊದಲು ಏಳುವವರು ಯಾರು, ಯಜಮಾನರು ಗೊರಕೆ ಹೊಡೆಯುತ್ತಾರೆಯೇ ಎಂದೆಲ್ಲ ಕೇಳಿದರು. ಅವಳು ಪಟಪಟನೆ ಹೇಳಿದಳು. ಪ್ರತಿ ಉತ್ತರಕ್ಕೂ ಅವರ ಪೆನ್ನು ಒಂದು ಸರಿ ಗುರುತು ಹಾಕಿತು. ಹದಿನಾಲ್ಕನೆಯ ಪ್ರಶ್ನೆಗೆ ಬಂದು ನಿಂತರು.

“ಪ್ರೀತಿ ಇದೆ ಅಂತ ನಿಮ್ಮ ಯಜಮಾನರಿಗೆ ಯಾವತ್ತಾದ್ರೂ ಹೇಳಿದೀರಾ?”

ಗಿಣಿಪಾಠ ನಾಲಿಗೆಯ ತುದಿಯವರೆಗೆ ಬಂತು. ಒಂದು ಸುಳ್ಳು ಸಾಕು, ಅವನು ಉಳಿಯುತ್ತಾನೆ. ಆದರೆ ನಾಲಿಗೆ ಹೊರಳಲಿಲ್ಲ. ಆ ಮಾತು ಒಂದು ದಿನ ಬಾಯಿಗೆ ಬಂದರೆ ಮೊದಲು ಅವನ ಕಿವಿಗೆ ಬೀಳಬೇಕೇ ಹೊರತು ಸರ್ಕಾರದ ಕಿವಿಗಲ್ಲ ಎಂದು ಅವಳಿಗೆ ಅನ್ನಿಸಿತು.

“ಇಲ್ಲ ಸಾರ್.”

“ಒಂದು ಸಲವೂ?”

“ಒಂದು ಸಲವೂ ಇಲ್ಲ.”

ಅಧಿಕಾರಿ ಪೆನ್ನು ಕೆಳಗಿಟ್ಟರು. ಬೀಗದವನ ಉತ್ತರದ ಹಾಳೆಯನ್ನು ಎಳೆದುಕೊಂಡು ಎರಡೆರಡು ಸಲ ಓದಿದರು. ಹೆಂಡತಿ ಒಂದು ಸಲ ಹೇಳಿದ್ದಾಳೆ, ಮದುವೆಯಾದ ಮೂರನೆಯ ವಾರ, ಎಂದು ಅವನು ಬರೆಸಿದ್ದ.

ಅಧಿಕಾರಿ ಅದನ್ನು ಓದಿ ಹೇಳಿದ್ದೇ ಕತ್ತರಿಯಕ್ಕ ಹಾಳೆಯತ್ತ ಬಗ್ಗಿದಳು. ಇದ್ದದ್ದು ಇದ್ದ ಹಾಗೆ ಹೇಳೋಣ ಎಂದವನು ತಾನೇ ಸುಳ್ಳು ಹೇಳಿ, ಸತ್ಯ ಹೇಳಿದವಳನ್ನು ಸಿಕ್ಕಿಸಿಹಾಕಿದನಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ, ನಿಯಮದ ಪ್ರಕಾರ ಅರ್ಜಿ ಇಲ್ಲಿಗೆ ಮುಗಿಯಿತು ಎಂದರು ಅಧಿಕಾರಿ. ಆದರೂ ಯಾಕೋ ಮನಸ್ಸು ತಡೆಯದೆ ಬೀಗದವನನ್ನು ಕರೆಸಿದರು. ಅವನು ಬಂದ, ವಿಷಯ ಕೇಳಿಸಿಕೊಂಡ, ಒಂದಿಷ್ಟೂ ಗಾಬರಿಪಡಲಿಲ್ಲ.

“ಹೇಳಿದಾಳೆ ಸಾರ್. ಹೇಳಿದ್ದು ಅವಳಿಗೆ ಗೊತ್ತಿಲ್ಲ,” ಎಂದು, ಮದುವೆಯಾದ ಮೂರನೆಯ ವಾರ ಅವಳು ಹೊಲಿದುಕೊಟ್ಟಿದ್ದ ಮೈಮೇಲಿನ ಕೋಟು ಬಿಚ್ಚಿ, ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದ.

ಅಸ್ತರಿನ ಅಂಚು ಒಂದು ಕಡೆ ಬಿಟ್ಟಿತ್ತು. ಅವನು ಅದನ್ನು ಎತ್ತಿ ಬೆನ್ನಿನ ನಡುವಿನ ಹೊಲಿಗೆ ತೋರಿಸಿದ, ಆಮೇಲೆ ಎರಡೂ ಬದಿಯ ಹೊಲಿಗೆ. ಪ್ರತಿಯೊಂದರ ಒಳಗೂ ಎರಡು ಬೆರಳಗಲ ಬಟ್ಟೆ, ಹೊರಗೆ ಉಬ್ಬು ಕಾಣದಂತೆ ಇಸ್ತ್ರಿ ತಿಕ್ಕಿ ಮಲಗಿಸಿದ್ದು. ಅಸ್ತರು ಬಿಚ್ಚಿಕೊಂಡ ದಿನ ಇದನ್ನು ಕಂಡು ಅವನಿಗೆ ಅರ್ಥವಾಗಿರಲಿಲ್ಲ. ಅಂಗಡಿಯಲ್ಲಿ ಗುಂಡಿ ಕಾಜಾ ಹಾಕುವ ಅಜ್ಜಿಯನ್ನು ಕೇಳಿದ್ದ. ಅಜ್ಜಿ ನಕ್ಕು ನಕ್ಕು ಸಾಕಾಗಿ ಹೇಳಿದ್ದಳು: ನಮ್ಮಕ್ಕ ಗಿರಾಕಿಗೆ ಬಿಡುವುದು ಅರ್ಧ ಬೆರಳು, ಸ್ವಂತ ಅಣ್ಣನಿಗೆ ಮುಕ್ಕಾಲು, ಬಟ್ಟೆಯ ವಿಷಯದಲ್ಲಿ ಎಂಜಲು ಕೈಯಲ್ಲಿ ಕಾಗೆ ಓಡಿಸುವವಳಲ್ಲ ಅವಳು. ಇಷ್ಟು ಬಿಟ್ಟಿದ್ದಾಳೆ ಅಂದರೆ ನೀನು ಮುದುಕನಾಗಿ ಹೊಟ್ಟೆ ಬಂದ ಮೇಲೂ ಇದೇ ಕೋಟು ಬಿಚ್ಚಿ ಸಡಿಲ ಮಾಡಿಕೊಡಬೇಕು ಅಂತ ಲೆಕ್ಕ ಹಾಕಿದ್ದಾಳೆ.

“ನಮ್ಮ ಕಡೆ ದಿನಾ ಹೇಳ್ತೀವಿ ಸಾರ್, ಸಂಜೆ ಹೊತ್ತಿಗೆ ಖಾಲಿಯಾಗತ್ತೆ. ಇವಳು ಪೂರ್ತಿ ಆಯುಷ್ಯದ್ದು ಒಂದೇ ಸಲ ಹೇಳಿಬಿಟ್ಟಿದಾಳೆ,” ಎಂದ ಬೀಗದವನು.

ಕತ್ತರಿಯಕ್ಕನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತುಂಬಿದ ಬೀದಿಯಲ್ಲಿ ನಿಂತು ಆ ಮಾತನ್ನು ಕೂಗಿ ಹೇಳಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಜೊತೆಗೇ, ಜೀವಮಾನದಲ್ಲಿ ಕಾಣದಂಥ ಒಂದು ಸಂತೋಷ ಮೈಗೆಲ್ಲ ಹರಡಿತು. ಅವಳ ಕೆಲಸವನ್ನು ಎಷ್ಟೋ ಜನ ತೊಟ್ಟಿದ್ದರು, ಹೊಗಳಿದ್ದರು. ಒಳಗಿನಿಂದ ಓದಿದವನು ಇವನೊಬ್ಬನೇ, ಅದೂ ಮಾತೇ ಸರ್ವಸ್ವ ಎನ್ನುವ ದೇಶದಿಂದ ಬಂದವನು.

ಅಧಿಕಾರಿ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಇದು ನಿಜವೇ, ಇಷ್ಟು ಬಟ್ಟೆ ಎಲ್ಲಿಯವರೆಗೆ ಬರುತ್ತದೆ ಎಂದು ಅವಳನ್ನೇ ಕೇಳಿದರು. ಕೆಲಸದ ಮಾತು ಬಂದ ಕೂಡಲೇ ಕತ್ತರಿಯಕ್ಕನಿಗೆ ಬಾಯಿ ಬಂತು. ನಾಚಿಕೆಯನ್ನು ಪಕ್ಕಕ್ಕಿಟ್ಟು ಕೋಟನ್ನು ತನ್ನ ಕಡೆ ಎಳೆದುಕೊಂಡಳು.

“ಇವರ ಮನೆ ಗಂಡಸರ ಫೋಟೋ ಎಲ್ಲ ನೋಡಿದೀನಿ ಸಾರ್. ಐವತ್ತೈದಕ್ಕೆ ಹೊಟ್ಟೆ ಬರತ್ತೆ, ಆಗ ಬದೀದು ಬಿಚ್ತೀನಿ. ಅರವತ್ತೈದಕ್ಕೆ ಬೆನ್ನು ಬಾಗತ್ತೆ, ಆಗ ನಡುವಿಂದು. ಎಪ್ಪತ್ತೈದಾದ್ಮೇಲೆ ಮೈ ಇಳಿಯತ್ತೆ, ಆಗ ಎಲ್ಲಾ ಮತ್ತೆ ಒಳಗೆ ಹಿಡೀತೀನಿ. ನನ್ನ ಕಣ್ಣು ಕಾಣ್ತಾ ಇದ್ರೆ ಎಂಬತ್ತಕ್ಕೂ ಇದೇ ಕೋಟು.”

ಬೀಗದವನು ಮಾತು ಸಿಗದೆ ಸುಮ್ಮನೆ ನಿಂತದ್ದನ್ನು ಅವಳು ಮೊದಲ ಸಲ ನೋಡಿದಳು. ಅಧಿಕಾರಿ ಹದಿನಾಲ್ಕನೆಯ ಪ್ರಶ್ನೆಯ ಎದುರು, ಅವಳ ಹಾಳೆಯಲ್ಲೂ ಅವನ ಹಾಳೆಯಲ್ಲೂ, ಸರಿ ಗುರುತು ಹಾಕಿದರು. ಕೊನೆಯ ಪುಟದಲ್ಲಿ ಮೂರು ಚೌಕಗಳಿದ್ದವು: ಒಂದು ವರ್ಷ, ಮೂರು ವರ್ಷ, ಕಾಯಂ. ಮೊದಲ ಸಲ ಬಂದವರಿಗೆ ಒಂದು ವರ್ಷ ಕೊಡುವುದು ವಾಡಿಕೆ, ಆದರೆ ಒಂದು ವರ್ಷ ಎಂದು ಬರೆದರೆ ಬಟ್ಟೆ ದಂಡವಾಗುತ್ತದೆ ಎಂದು ಗೊಣಗಿಕೊಂಡು ಅವರು ಕಾಯಂ ಎಂಬಲ್ಲಿ ಮೊಹರು ಒತ್ತಿದರು. ಮೇಜು ಅಲುಗಿತು.

ಹೊರಗೆ ಹಜಾರದಲ್ಲಿ, ಜೊತೆಗೆ ಬಂದಿದ್ದ ಅತ್ತಿಗೆ ಜೀವ ಬಾಯಿಗೆ ಬಂದವಳಂತೆ ನಿಂತಿದ್ದಳು. ಸಿಕ್ಕಿತು ಎಂದು ತಿಳಿದದ್ದೇ ಕತ್ತರಿಯಕ್ಕನ ತೋಳು ಹಿಡಿದು ಕೇಳಿದಳು.

“ಹಾಗಾದ್ರೆ ಹೇಳಿದ್ಯೇನೇ ಆ ಮಾತು?”

“ಹೇಳಿದ್ನಂತೆ ಅತ್ತಿಗೆ, ಯಾವಾಗಲೋ,” ಎಂದಳು ಕತ್ತರಿಯಕ್ಕ. ಕೋಟನ್ನು ಒಮ್ಮೆ ಝಾಡಿಸಿ ಬೀಗದವನ ಹೆಗಲಿಗೆ ಏರಿಸಿದಳು. ಕಾಲರ್ ಸರಿಮಾಡಿದಳು. ಎದೆಯ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು, ಅಷ್ಟು ಜನರ ಎದುರಿಗೆ, ಯಾವ ಅವಸರವೂ ಇಲ್ಲದೆ. ಆಮೇಲೆ ಕಾಯುತ್ತಿದ್ದ ದಂಪತಿಗಳೆಲ್ಲ ತಲೆಯೆತ್ತಿ ನೋಡುವ ಹಾಗೆ ಗಟ್ಟಿಯಾಗಿ ಹೇಳಿದಳು:

“ಇನ್ನು ಸಾಯೋವರೆಗೂ ಇವರ ಕಾಟ ನನಗೆ ತಪ್ಪಿದ್ದಲ್ಲ.”

ಬೀಗದವನು ಆ ಹಜಾರದ ನಡುವೆ ನಿಂತು, ಮೂವತ್ತೆರಡು ಹಲ್ಲೂ ಕಾಣುವಂತೆ ನಕ್ಕು, ತನಗೂ ಅಷ್ಟೇ ಪ್ರೀತಿ ಎಂದ.