ಕೊನೆಯ ಪಾಳಿಯ ಹಾಡುಗಳು

ದಿನದ ನಾಲ್ಕು ಪಾಳಿಗಳಲ್ಲಿ ಮೂರನೆಯದು ಮುಗಿದ ಗಂಟೆ ಹೊಡೆದಾಗ ಮೆರೆಯಾನಳ ಲೆಕ್ಕ ಎಪ್ಪತ್ತಾರಕ್ಕೆ ನಿಂತಿತ್ತು. ಉಣ್ಣೆ ಕತ್ತರಿಸಿ ಮುಗಿಸಿದ ಕುರಿಯನ್ನು ಕಿಂಡಿಯಿಂದ ಹೊರಗಟ್ಟಿ, ಯಂತ್ರದ ಹಗ್ಗ ಎಳೆದು ನಿಲ್ಲಿಸಿ, ಗೋಡೆ ಹಿಡಿದುಕೊಂಡು ಸೊಂಟ ನೆಟ್ಟಗೆ ಮಾಡಿದಳು. ಬಲ ಭುಜದೊಳಗೆ ಕೆಂಡ ಇಟ್ಟ ಹಾಗಿತ್ತು. ಅದು ಯಾರಿಗೂ ಗೊತ್ತಾಗಬಾರದೆಂದು ಎಡಗೈಯಲ್ಲೇ ಚಹಾ ಎತ್ತಿಕೊಂಡಳು. ಆದರೆ ಗುತ್ತಿಗೆದಾರ ನೆವಿಲ್ ಮೂವತ್ತು ವರ್ಷದಿಂದ ಬರ್ಕ್ ಊರಿನ ಕಡೆಯ ಬಯಲಲ್ಲಿ ಕುರಿ ಶೆಡ್ಡಿನಿಂದ ಶೆಡ್ಡಿಗೆ ಆಳುಗಳನ್ನು ಕರೆದೊಯ್ದವನು. ಅವನ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ.

"ಎಷ್ಟಾಯ್ತು?"

"ಎಪ್ಪತ್ತಾರು."

"ನೋಡು ಮೆರೆಯಾನ, ನಾನು ಸುತ್ತಿ ಬಳಸಿ ಹೇಳೋನಲ್ಲ. ಇವತ್ತು ನೂರು ಆಗ್ಲಿಲ್ಲ ಅಂದ್ರೆ ನಾಳೆಯಿಂದ ನೀನು ಉಣ್ಣೆ ಮೇಜಿಗೆ. ನಿನ್ನ ಜಾಗಕ್ಕೆ ಬೇರೆಯವರನ್ನ ಕರೆಸ್ತೀನಿ. ಭುಜಕ್ಕೂ ಆರಾಮ."

"ನನ್ನ ಭುಜದ ಚಿಂತೆ ನಿಂಗ್ಯಾಕೆ?"

"ಆಪರೇಷನ್ ಆಗಿರೋದು ನಿಂಗೆ. ಚಿಂತೆ ಮಾತ್ರ ನನ್ನ ತಲೇಲಿ ಕೂತಿದೆ," ಎಂದು ನೆವಿಲ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ.

ಅವನು ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ತೆ ಕೂಯಿತಿ ಎಂಬ ಊರಿನಿಂದ ಸಮುದ್ರ ದಾಟಿ ಬಂದ ಮೆರೆಯಾನ ಹದಿನಾಲ್ಕು ವರ್ಷ ಆ ಮೇಜಿನ ಮುಂದೆಯೇ ನಿಂತು ಬೇರೆಯವರು ಕತ್ತರಿಸಿದ ತುಪ್ಪಟವನ್ನು ಹರಡಿ, ಕೊಳೆ ಕಿತ್ತು, ಸುತ್ತಿ ಕೊಟ್ಟಿದ್ದಳು. ಅವಳ ಮನೆಯ ಹೆಂಗಸರೆಲ್ಲ ಶೆಡ್ಡಿನ ಅಡುಗೆಗೆ, ಇಲ್ಲವೇ ಮೇಜಿಗೆ. ಮೂವತ್ನಾಲ್ಕನೆಯ ವಯಸ್ಸಿಗೆ ಕೈಗೆ ಯಂತ್ರ ಬಂದು, ಗೋಡೆಯ ಪಕ್ಕದಲ್ಲಿ ತನ್ನದೆಂಬ ಮೂರಡಿ ಜಾಗ ಸಿಕ್ಕಿತ್ತು. ಈಗ ಐವತ್ತೊಂದು. ಈ ವಯಸ್ಸಿನಲ್ಲಿ ಬಿಟ್ಟರೆ ಆ ಜಾಗ ಮತ್ತೆ ಸಿಗುವುದಿಲ್ಲ. ಅವಳಿಗೆ ಭಯವಾಗಿತ್ತು, ಅಷ್ಟೇ ಸಿಟ್ಟೂ ಬಂದಿತ್ತು.

ಚಿಕ್ಕಮ್ಮನ ಮಗಳು ಹುಹಾನಾ ಚಹಾದ ಲೋಟ ಹಿಡಿದು ಪಕ್ಕಕ್ಕೆ ಬಂದು ಕೂತಳು. ಮೇಜಿನ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ, ಬಾಯಲ್ಲಂತೂ ಇಲ್ಲವೇ ಇಲ್ಲ. ಶೆಡ್ಡಿನ ಹಾಡುಗಳೂ ಅವಳ ಸುಪರ್ದಿ. ತಂಡದವರೆಲ್ಲರ ಹಾಡುಗಳನ್ನು ಒಂದೇ ಫೋನಿಗೆ ಸುರಿದು, ಕಲಸಿ ಬಿಟ್ಟಿದ್ದಳು. ಯಾವುದರ ಹಿಂದೆ ಯಾವುದು ಬರುತ್ತದೆಂದು ಅವಳಿಗೂ ಗೊತ್ತಿಲ್ಲ. ಪಾಳಿ ಶುರುವಾದ ಮೇಲೆ ಆ ಫೋನನ್ನು ಯಾರೂ ಮುಟ್ಟುವಂತಿಲ್ಲ. ಈ ವಿಷಯಕ್ಕೆ ಹಿಂದೊಮ್ಮೆ ಇಬ್ಬರು ಕೈ ಕೈ ಮಿಲಾಯಿಸಿದ ಮೇಲೆ ಬಂದ ಕಾಯಿದೆ ಅದು.

"ಅಕ್ಕಾ, ಒಂದಾಟ ಆಡೋಣ," ಎಂದಳು ಹುಹಾನಾ. "ನಿನ್ನ ಬದುಕನ್ನ ಸಿನಿಮಾ ಮಾಡಿದ್ರೆ ಯಾವ ಸೀನಿಗೆ ಯಾವ ಹಾಡು ಅಂತ. ನೀನು ಕುರಿ ಎಳ್ಕೊಂಡು ಬರೋವಾಗ ಯಾವುದು ಬರ್ತಿರತ್ತೋ ಅದೇ. ಇಪ್ಪತ್ನಾಲ್ಕು ಕುರಿ, ಇಪ್ಪತ್ನಾಲ್ಕು ಸೀನು."

"ಕೊನೇದು ಯಾವ ಸೀನು? ನಾನು ಸಾಯೋದಾ?"

"ಅದು ಇಪ್ಪತ್ಮೂರನೇದು. ಕೊನೇದು ಎಲ್ಲ ಮುಗಿದು ಹೆಸರುಗಳು ಮೇಲಕ್ಕೆ ಹೋಗ್ತಾವಲ್ಲ, ಅದು. ನೂರನೇ ಕುರಿ."

ಮೆರೆಯಾನ ನಕ್ಕಳು. ತನ್ನನ್ನು ಒಂದೊಂದೇ ಕುರಿಯ ಲೆಕ್ಕದಲ್ಲಿ ನೂರರ ತನಕ ಎಳೆದುಕೊಂಡು ಹೋಗಲು ಇವಳು ಹೂಡಿದ ಉಪಾಯ ಇದೆಂದು ಅವಳಿಗೆ ತಿಳಿಯಿತು.

ಮೂರೂವರೆಗೆ ಕೊನೆಯ ಪಾಳಿಯ ಗಂಟೆ ಹೊಡೆಯಿತು. ಹುಟ್ಟಿದ ಸೀನಿಗೆ ಬಂದದ್ದು ಗಂಟಲು ಹರಿದುಕೊಳ್ಳುವ ರಾಕ್ ಹಾಡು.

"ಹುಟ್ಟಿದ ದಿನಾನೇ ಊರೆಲ್ಲ ಎಬ್ಬಿಸಿದ್ದೆ ಅನ್ಸುತ್ತೆ ಚಿಕ್ಕಮ್ಮ," ಎಂದು ಪಕ್ಕದ ಯಂತ್ರದಿಂದ ತಾಮತಿ ಕೂಗಿದ. ಅವನು ಅವಳ ಅಕ್ಕನ ಅಳಿಯ. ದಿನಕ್ಕೆ ನೂರೈವತ್ತು ಕುರಿಯ ಆಳು.

ಶಾಲೆಯ ಮೊದಲ ದಿನಕ್ಕೆ ಸತ್ತವರ ಮುಂದೆ ಅವರ ಮಾವೊರಿ ಜನ ಹಾಡುವ ಪ್ರಾರ್ಥನೆ ಬಂತು. ಮದುವೆಗೆ ತಾಮತಿಯ ಮಕ್ಕಳ ಟ್ರ್ಯಾಕ್ಟರ್ ಹಾಡು. ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು, ಮೆರೆಯಾನಳ ಕೈ ಓಡುತ್ತಿತ್ತು. ಹೊಟ್ಟೆ, ಕಾಲು, ಕತ್ತು, ಬೆನ್ನಿನ ಮೇಲೆ ಉದ್ದನೆಯ ಎಳೆತಗಳು. ಗಂಡ ಬಿಟ್ಟು ಹೋದ ಸೀನಿಗೆ ಕುಣಿಯುವಂಥ ರೆಗ್ಗೆ ಹಾಡು ಬಂದಾಗ ಮಾತ್ರ ಯಾರೂ ನಗಲಿಲ್ಲ.

"ಸರಿಯಾಗೇ ಇದೆ," ಎಂದಳು ಅವಳು ಕುರಿಯ ಮೇಲಿನಿಂದ ತಲೆ ಎತ್ತದೆ. "ನೀವೆಲ್ಲ ಹೊರಗೆ ಕೂತು ಪಾಪ, ಅಳ್ತಿದಾಳೆ ಅಂದ್ಕೊಂಡ್ರಿ. ನಾನು ಬಾಗಿಲು ಹಾಕ್ಕೊಂಡು ಕುಣೀತಿದ್ದೆ."

ಐದು ಗಂಟೆಗೆ ಲೆಕ್ಕ ತೊಂಬತ್ಮೂರು. ಪಾಳಿ ಮುಗಿಯಲು ಇನ್ನು ಅರ್ಧ ಗಂಟೆ. ಗಂಟೆ ಹೊಡೆಯುವ ಮೊದಲು ಕುರಿಯನ್ನು ದೊಡ್ಡಿಯ ಬಾಗಿಲಿನಿಂದ ಹೊರಗೆ ಎಳೆದಿದ್ದರೆ ಆಮೇಲೂ ಮುಗಿಸಬಹುದು, ಅದು ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಆರು ಮುಗಿಸಬೇಕು, ಏಳನೆಯದನ್ನು ಹಿಡಿದಿರಬೇಕು.

ಆಗಲೇ ಲಾಲಿ ಹಾಡು ಶುರುವಾಯಿತು. "ಆಪರೇಷನ್ ಸೀನು," ಎಂದ ಹುಹಾನಾಳ ದನಿ ಇಳಿದಿತ್ತು. ಯಂತ್ರ ಹಿಡಿದ ಕೈಗೆ ಹಾಡಿನ ಹಿಂದೆ ಹೋಗುವ ಚಾಳಿ. ಮೆರೆಯಾನಳ ಎಳೆತಗಳು ಉದ್ದವಾದವು, ನಿಧಾನವಾದವು. ಅದು ಮುಗಿದರೆ ಇನ್ನೊಂದು ನಿಧಾನದ್ದು. ಭುಜ ಎಲ್ಲಿದೆ ಎಂಬುದನ್ನು ಮರೆಯಲು ಬಿಡದಂಥ ಹಾಡುಗಳು. ಓರೆಗಣ್ಣಿನಲ್ಲಿ ಅವಳಿಗೆ ಹುಹಾನಾ ಫೋನಿನ ಕಡೆ ಸರಿಯುತ್ತಿರುವುದು ಕಾಣಿಸಿತು. ನೆವಿಲ್ ಕೂಡ ನೋಡಿದ. ನೋಡಿ, ಬೇಕೆಂದೇ ಕಿಟಕಿಯ ಕಡೆ ತಿರುಗಿಕೊಂಡ.

"ಕೈ ತೆಗಿ," ಎಂದಳು ಮೆರೆಯಾನ.

"ಒಂದು ಜೋರಾಗಿರೋದು ಹಾಕ್ತೀನಿ ಅಕ್ಕ. ನೆವಿಲ್‌ಗೂ ಕಾಣ್ತಿಲ್ಲ."

"ನಂಗೆ ಕಾಣುತ್ತೆ. ಬಂದದ್ದು ಬರ್ಲಿ. ತುಪ್ಪಟ ಎತ್ತು, ಕಾಲಿಗೆ ಸಿಕ್ತಿದೆ."

ಅವಳು ಹಾಡನ್ನು ಕಿವಿಯಿಂದ ಆಚೆ ಹಾಕಿ ಎಳೆತಗಳನ್ನು ಎಣಿಸತೊಡಗಿದಳು. ಒಂದು, ಎರಡು, ಮೂರು, ತಿರುಗಿಸು. ಹಾಡು ತನ್ನ ಪಾಡಿಗೆ ತೂಕಡಿಸಲಿ, ಕೈ ತನ್ನ ಪಾಡಿಗೆ ಹೋಗಲಿ. ತೊಂಬತ್ತೈದು. ತೊಂಬತ್ತಾರು. ನೋವು ಎಲ್ಲಿಗೂ ಹೋಗಲಿಲ್ಲ. ಅದೂ ಜೊತೆಯಲ್ಲೇ ಕೆಲಸ ಮಾಡುತ್ತಿತ್ತು. ಸಾಯುವ ಸೀನಿಗೆ ಯಾವ ಹಾಡು ಬಂತೆಂದು ಅವಳಿಗೆ ಕೇಳಿಸಲೇ ಇಲ್ಲ.

ತೊಂಬತ್ತೊಂಬತ್ತನೆಯದರ ಹಿಂಗಾಲಿನಲ್ಲಿ ಅವಳಿದ್ದಾಗ ಅವಳಿಗೂ ತಾಮತಿಗೂ ಸೇರಿದ ಒಂದೇ ದೊಡ್ಡಿಯಲ್ಲಿ ಉಳಿದದ್ದು ಎರಡೇ ಕುರಿ. ಒಂದು ನುಣುಪು ಚರ್ಮದ ಸಾಧು. ಇನ್ನೊಂದು ಕತ್ತಿನ ತುಂಬ ಸುಕ್ಕು ತುಂಬಿದ ದಢೂತಿ. ಬೆಳಗಿನಿಂದ ಇಬ್ಬರೂ ಅದನ್ನು ಬಿಟ್ಟು ಬಿಟ್ಟು ಬೇರೆಯದನ್ನೇ ಹಿಡಿದಿದ್ದರು. ತಾಮತಿ ಮೊದಲು ಮುಗಿಸಿ ಒಳಗೆ ಹೋದವನು ಸಾಧುವನ್ನೇ ಎಳೆದುಕೊಂಡು ಬಂದ. ಅವಳ ಮುಖ ನೋಡಲಿಲ್ಲ. ಅವಳಿಗೆ ಅದು ಇಷ್ಟವಾಯಿತು. ಅವನು ದಢೂತಿಯನ್ನು ತಾನು ಹಿಡಿದು ಉಪಕಾರ ಮಾಡಿದ್ದರೆ ಈ ದಿನವೆಲ್ಲ ದಂಡವಾಗುತ್ತಿತ್ತು.

ತೊಂಬತ್ತೊಂಬತ್ತು ಕಿಂಡಿಯಿಂದ ಹೊರಬಿತ್ತು. ಮೆರೆಯಾನ ದೊಡ್ಡಿಗೆ ನುಗ್ಗಿದಳು. ದಢೂತಿ ಮೂಲೆಗೆ ಒರಗಿ ಕಾಲು ಊರಿತು. ಅವಳು ಅದರ ಗದ್ದ ಹಿಡಿದು ತಲೆ ತಿರುಗಿಸಿ, ಕೂರಿಸಿ, ಎರಡೂ ಮುಂಗಾಲು ಹಿಡಿದು ಹಿಂದಕ್ಕೆ ಎಳೆದಳು. ಭುಜದಲ್ಲಿ ಏನೋ ಚಳುಕಿತು. ಕಣ್ಣಿಗೆ ಕತ್ತಲೆ ಬಂತು. ಕೈ ಬಿಡಲಿಲ್ಲ. ಬಾಗಿಲಿನ ಹೊಸ್ತಿಲನ್ನು ಅದರ ಹಿಂಗಾಲು ದಾಟುವುದಕ್ಕೂ ಗಂಟೆ ಹೊಡೆಯುವುದಕ್ಕೂ ಒಂದು ಉಸಿರಿನ ಅಂತರವಿತ್ತು.

ಎಲ್ಲರೂ ನೆವಿಲ್ ಕಡೆ ನೋಡಿದರು.

"ಹೊರಗಿದೆ," ಎಂದ ಅವನು. "ಮುಗ್ಸು."

ಗಂಟೆಯಾದೊಡನೆ ಹಾಡು ನಿಲ್ಲಿಸುವುದು ವಾಡಿಕೆ. ಹುಹಾನಾಳ ಬೆರಳು ಅಭ್ಯಾಸಬಲದಿಂದ ಫೋನನ್ನು ಒತ್ತಿಬಿಟ್ಟಿತ್ತು. ತಾಮತಿಯೂ ತನ್ನದನ್ನು ಬೇಗನೆ ಮುಗಿಸಿ ಯಂತ್ರ ನಿಲ್ಲಿಸಿದ.

"ಅಯ್ಯೋ ಅಕ್ಕ, ಕೊನೇ ಸೀನಿಗೆ ಹಾಡೇ ಇಲ್ಲ. ಮತ್ತೆ ಹಚ್ಲಾ?"

"ಬೇಡ. ಇದೇ ಇರ್ಲಿ."

ಇಡೀ ಶೆಡ್ಡಿನಲ್ಲಿ ಒಂದೇ ಯಂತ್ರ ಗುಂಯ್‌ಗುಡುತ್ತಿತ್ತು. ಸುಕ್ಕನ್ನು ಎಡಗೈಯಿಂದ ಎಳೆದು ಹಿಡಿದು, ಒಂದೊಂದೇ ಮಡಿಕೆ ಬಿಡಿಸಿ, ಚರ್ಮಕ್ಕೆ ಒಂದು ಗೀರೂ ಬೀಳದ ಹಾಗೆ ಅವಳು ಕತ್ತರಿಸಿದಳು. ಹನ್ನೊಂದು ನಿಮಿಷ ಹಿಡಿಯಿತು. ಚಹಾ ಲೋಟ ತೊಳೆಯಲು ಕೂಡ ಯಾರೂ ಎದ್ದು ಹೋಗಲಿಲ್ಲ. ಕುರಿ ಕಿಂಡಿಯಿಂದ ಇಳಿದು, ಹೊರಗಿನ ಬಿಸಿಲಿಗೆ ಬೆಳ್ಳಗೆ ಹೊಳೆದು, ಒಮ್ಮೆ ಮೈ ಕೊಡವಿ ಉಳಿದವುಗಳ ಜೊತೆ ಸೇರಿಕೊಂಡಿತು. ಹುಹಾನಾ ತುಪ್ಪಟವನ್ನು ಬಾಚಿ ತಬ್ಬಿಕೊಂಡು ಹೋಗಿ ಮೇಜಿನ ಮೇಲೆ ಬೀಸಿ ಹರಡಿದಳು.

ನೆವಿಲ್ ಕುರಿ ಎಣಿಸಲು ಹೊರಗೆ ಹೋದ. ಮೆರೆಯಾನ ಅವನು ಬರುವವರೆಗೆ ಕಾಯಲಿಲ್ಲ. ಯಂತ್ರದ ತುದಿಯ ಸವೆದ ಕತ್ತರಿ ಹಲ್ಲನ್ನು ಬಿಚ್ಚಿ, ಎಡಗೈಯಲ್ಲಿ ಹಿಡಿದು ಮೂಲೆಯ ಸಾಣೆಯ ಹತ್ತಿರ ಹೋಗಿ, ನಾಳೆ ಬೆಳಗಿನ ಪಾಳಿಗೆ ಅದನ್ನು ಹರಿತ ಮಾಡತೊಡಗಿದಳು.